ದ್ವೀಪಕ್ಕೆ ಯಾವ ತಿಂಗಳು?

ಹಲವಾಗಲಿನಿಂದ ರಾತ್ರಿಯಿಡೀ ಕೂತು ಬಂದ ಕಾಲು ಇನ್ನೂ ಜೋಮು ಬಿಟ್ಟಿಲ್ಲ. ಆಗುಂಬೆ ಘಾಟಿಯ ತಿರುವುಗಳಲ್ಲಿ ಮಕ್ಕಳು ವಾಂತಿ ಮಾಡಿ ಸೋತಿದ್ದಾರೆ. ಮಲ್ಪೆಯಲ್ಲಿ ಟೆಂಪೋ ಟ್ರಾವೆಲರ್‌ನ ಬಾಗಿಲು ಸರಿಸಿದ ಕೂಡಲೇ ಒಣಮೀನು, ಡೀಸೆಲ್, ಉಪ್ಪುಗಾಳಿ ಒಟ್ಟಿಗೇ ಮೂಗಿಗೆ ರಪ್ಪನೆ ಬಡಿಯುತ್ತವೆ. ಮೇ ತಿಂಗಳ ಮೂರನೆಯ ವಾರ. ಶಾಲೆಗೆ ರಜೆ, ಹೊಲ ಖಾಲಿ. ಮುಂಗಾರು ಬಿತ್ತನೆಗೆ ಮೊದಲು ಒಮ್ಮೆ ದ್ವೀಪ ನೋಡೋಣವೆಂದು ಮನೆಯವರೆಲ್ಲ ಹಟ ಹಿಡಿದರು. ನೀವು ಹೂಂ ಅಂದಿರಿ.

ಬೋಟು ಬಂದರಿನೊಳಗೆ ಇರುವಷ್ಟು ಹೊತ್ತು ಎಲ್ಲ ಸುಸೂತ್ರ. ಅಳಿವೆ ದಾಟುತ್ತಿದ್ದಂತೆ ಮುಂಭಾಗ ಮೇಲೇಳುತ್ತದೆ, ಒಂದು ಕ್ಷಣ ತಡೆಯುತ್ತದೆ, ಧಡ್ ಎಂದು ಕೆಳಗೆ ಬೀಳುತ್ತದೆ. ಹೊಟ್ಟೆ ಗಂಟಲಿಗೆ ಬರುತ್ತದೆ. ತುಂಗಭದ್ರೆಯಲ್ಲಿ ಈಜು ಕಲಿತ ಮೈ ನಿಮ್ಮದು. ನೀರು ಒಂದೇ ದಿಕ್ಕಿಗೆ ಎಳೆಯುತ್ತದೆ ಎಂದೇ ಅದಕ್ಕೆ ಗೊತ್ತು. ಇಲ್ಲಿ ನೀರು ಏಳುತ್ತದೆ, ಕುಸಿಯುತ್ತದೆ, ಅಡ್ಡಕ್ಕೆ ಜಗ್ಗುತ್ತದೆ. ಲೈಫ್ ಜಾಕೆಟ್ಟಿನ ಪಟ್ಟಿ ಕಂಕುಳಲ್ಲಿ ಉರಿಯುತ್ತಿದೆ. ಆದರೂ ಅದನ್ನು ಸಡಿಲಿಸಲು ಕೈ ಬರುವುದಿಲ್ಲ.

ಸೇಂಟ್ ಮೇರಿಸ್ ದ್ವೀಪದಲ್ಲಿ ಮರಳಿಗಿಂತ ಕಪ್ಪೆಚಿಪ್ಪೇ ಹೆಚ್ಚು. ಬರಿಗಾಲಿಗೆ ಚುಚ್ಚುತ್ತವೆ. ಎದುರಿಗೆ ಆರು ಮೂಲೆಯ ಕಪ್ಪು ಕಂಬಗಳು, ಒಂದಕ್ಕೊಂದು ಒತ್ತಿ ನಿಲ್ಲಿಸಿದ ಹಾಗೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಸೀಳಿ ಹೀಗೆ ನಿಂತಿದೆ. ಬಿಸಿಲಿಗೆ ಕಲ್ಲು ಕಾದಿದೆ. ಅಂಗೈ ಇಟ್ಟರೆ ಚುರ್ ಅನ್ನುತ್ತದೆ. ಅಲೆ ತಾಕುವಲ್ಲಿ ಮಾತ್ರ ಹಸಿರು ಪಾಚಿ.

ಆ ಪಾಚಿಯ ಮೇಲೆ ನಿಮ್ಮ ಮಗ ನಿಂತಿದ್ದಾನೆ.

"ಯಪ್ಪಾ, ನೋಡಿಲ್ಲಿ!"

ಅವನ ಬೆನ್ನ ಹಿಂದೆ ನೀರು ಉಬ್ಬುತ್ತಿದೆ. ಸದ್ದಿಲ್ಲ. ನೊರೆಯೂ ಇಲ್ಲ. ದ್ವೀಪದ ಕಾವಲಿನವರ ಸೀಟಿ ಕೂಗುತ್ತದೆ, ಮತ್ತೆ ಕೂಗುತ್ತದೆ. ನೀವು ಓಡುತ್ತೀರಿ. ಹಿಂದಿನಿಂದ ಮಗಳು ಅಳುತ್ತಾಳೆ. ಅವಳನ್ನು ಬಿಟ್ಟು ಬಂಡೆಗೆ ಇಳಿಯುವುದೋ, ಇಲ್ಲೇ ನಿಂತು ಕೂಗುವುದೋ? ಕಾಲು ಮುಂದಿಟ್ಟಾಗಿದೆ.

"ನೀವು ಇಳಿಬೇಡಿ ಮಾರಾಯ್ರೇ!" ಕಾವಲಿನವರು ಅಡ್ಡ ಬರುತ್ತಾರೆ. "ತಮ್ಮಾ, ಕೂತ್ಕೋ! ಕಲ್ಲು ಹಿಡ್ಕೋ!"

ಹುಡುಗ ಕೂರುತ್ತಾನೆ. ಅಲೆ ಅವನ ಎದೆಯವರೆಗೂ ಹತ್ತಿ, ಜಗ್ಗಿ, ಇಳಿಯುತ್ತದೆ. ಮುಂದಿನದು ಬರುವುದರೊಳಗೆ ಕಾವಲಿನವರು ಅವನ ರಟ್ಟೆ ಹಿಡಿದು ಎಳೆದು ತರುತ್ತಾರೆ. ಮೊಣಕಾಲು ತರಚಿದೆ, ಅಷ್ಟೇ. ನಿಮ್ಮ ಕೈಯ ನಡುಕ ಮಾತ್ರ ನಿಲ್ಲುತ್ತಿಲ್ಲ.

"ಕಡಲು ಆಗಲೇ ತಿರುಗಿದೆ," ವಾಪಸು ಬರುವಾಗ ಬೋಟಿನವರು ಹೇಳುತ್ತಾರೆ. "ಇನ್ನು ಬೋಟು ಬಂದ್."

ಮಳೆ ದಡ ಮುಟ್ಟುವುದು ಜೂನ್ ಮೊದಲ ವಾರದಲ್ಲಿ. ದೂರದ ನೈಋತ್ಯ ಗಾಳಿ ಎಬ್ಬಿಸಿದ ದೊಡ್ಡ ಅಲೆ ಅದಕ್ಕೂ ಮೊದಲೇ ಬಂದು ತಲುಪುತ್ತದೆ. 2021ರ ತೌಕ್ತೆ ಚಂಡಮಾರುತ ಈ ಕರಾವಳಿಯನ್ನು ಕಾಡಿದ್ದೂ ಮೇ ತಿಂಗಳ ಮಧ್ಯದಲ್ಲೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ. ಕಡಲಲ್ಲೇ ಬದುಕುವವರು ದಡ ಸೇರುವ ಕಾಲದಲ್ಲಿ ನಾವು ಮಕ್ಕಳನ್ನು ಕರೆದುಕೊಂಡು ಇಳಿಯುತ್ತೇವೆ!

ಮಗನ ಮಣಿಕಟ್ಟು ಬಿಗಿಯಾಗಿ ಹಿಡಿದು, ಒಡಲು ತೊಳಸುತ್ತಿರುವಾಗಲೇ ತಿಂಗಳುಗಳನ್ನು ಎಣಿಸುತ್ತೀರಿ. ಸೆಪ್ಟೆಂಬರ್‌ವರೆಗೂ ಮಾತೇ ಬೇಡ. ಆಗ ನಮ್ಮೂರ ಹೊಳೆಯನ್ನೇ ನಂಬುವ ಹಾಗಿಲ್ಲ. ಅಕ್ಟೋಬರಿನಲ್ಲಿ ಬೋಟು ಶುರುವಾದರೂ ಮೆಕ್ಕೆಜೋಳ ಮುರಿಯುವ ಕಾಲ. 2019ರಲ್ಲಿ ಕ್ಯಾರ್ ಚಂಡಮಾರುತ ಎದ್ದಿದ್ದೂ ಅದೇ ತಿಂಗಳ ಕೊನೆಗೆ. ನವೆಂಬರಿನಲ್ಲಿ ತೆನೆ ಕಣದಲ್ಲಿರುತ್ತದೆ, ಮನೆ ಬಿಡುವವರು ಯಾರು? ಫೆಬ್ರುವರಿಯಲ್ಲಿ ಮೈಲಾರದ ಕಾರ್ಣಿಕ, ಅದರ ಆಸುಪಾಸಿನಲ್ಲೇ ಕೊಟ್ಟೂರು ತೇರು. ಮಾರ್ಚ್‌ ಬಂತೆಂದರೆ ಪರೀಕ್ಷೆ, ಏಪ್ರಿಲ್‌ನಲ್ಲಿ ಕಲ್ಲು ಕಾಯುವ ಬಿಸಿಲು.

ಉಳಿಯುವುದು ಡಿಸೆಂಬರ್, ಜನವರಿ. ಬೆಳಗಿನ ಹೊತ್ತು ನೆಲದ ಕಡೆಯಿಂದ ತಂಪು ಗಾಳಿ, ಅಲೆ ಸಣ್ಣದು, ನೀರು ತಿಳಿ. ಆದರೆ ವರ್ಷದ ಕೊನೆಗೆ ಶಾಲಾ ಪ್ರವಾಸಗಳ ನೂಕುನುಗ್ಗಲು, ಅದರೊಳಗೆ ಯಾರ ಮಗು ಎಲ್ಲಿದೆ ಎಂದು ನೋಡುವವರಿಲ್ಲ. ಒಳ್ಳೆಯ ತಿಂಗಳೆಂದು ಮೈಮರೆಯುವುದೂ ಸಲ್ಲ. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ ಮುಳಬಾಗಿಲಿನ ವಸತಿ ಶಾಲೆಯ ನಾಲ್ವರು ಹುಡುಗಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ಶಾಲೆಯಿಂದ ಪ್ರವಾಸಕ್ಕೆ ಬಂದಿದ್ದ ಮಕ್ಕಳು ಅವರು.

ಹಾಗಾಗಿ ಹೊಳೆಸಾಲಿನ ನಮ್ಮ ಜನಕ್ಕೆ ನನ್ನ ಮಾತು ಇಷ್ಟೇ. ಸಂಕ್ರಾಂತಿ ಮುಗಿಸಿ, ಜನವರಿಯ ಕೊನೆಯ ವಾರಗಳಲ್ಲಿ ಹೊರಡಿ. ಮಕ್ಕಳಿಗೆ ಶಾಲೆ ಎರಡು ದಿನ ತಪ್ಪಿದರೂ ತಪ್ಪಲಿ, ಶನಿವಾರ ಭಾನುವಾರ ಬಿಟ್ಟು ಹೋಗಿ. ಬೆಳಗಿನ ಮೊದಲ ಬೋಟು ಹಿಡಿಯಿರಿ. ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ಹೆಚ್ಚು, ಆ ದಿನಗಳನ್ನು ತಪ್ಪಿಸಿ. ಸೀಟಿ ಕೇಳಿದರೆ ಏಕೆಂದು ಕೇಳದೆ ದಡಕ್ಕೆ ಬನ್ನಿ. ಮೇ ತಿಂಗಳ ರಜೆಗೆ ಮಕ್ಕಳನ್ನು ಅಜ್ಜಿಯ ಮನೆಗೆ ಕಳಿಸಿ.