ಕರಿ ಹಾಳಿಯಲ್ಲಿ ಕಂಡ ಚೌಕ

ಕಲಬುರಗಿಯ ಜಗತ್ ಬಡಾವಣೆಯ ನಮ್ಮ ಮನೆಯ ಕಪಾಟಿನಲ್ಲಿ ಒಂದು ಎಕ್ಸ್‌-ರೇ ಫಿಲ್ಮ್ ಇದೆ. 1990ರ ದಶಕದಲ್ಲಿ ಬೆಂಗಳೂರಿನ ಪ್ರಯೋಗಾಲಯದಿಂದ ರಜೆಗೆ ಬರುವಾಗ ತಂದದ್ದು. ಅದನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದಾಗ, ಕಮಲಾಪುರದಿಂದ ಕೆಂಪು ಬಾಳೆಹಣ್ಣು ತಂದಿದ್ದ ದೊಡ್ಡವ್ವ ಗಾಬರಿಯಾದಳು. "ಯಾರ ಎಲುಬು ಮುರದದೋ ತಮ್ಮಾ?"

"ಎಲುಬಲ್ಲ ದೊಡ್ಡವ್ವ, ಡಿಎನ್ಎ. ನಾಕು ದಾರಿ ಕೂಡೋ ಚೌಕ ಇದ್ದಂಗ" ಅಂದೆ.

ತಂದೆ-ತಾಯಿಯಿಂದ ಬಂದ ಡಿಎನ್ಎ ತುಂಡುಗಳು ಅದಲುಬದಲಾಗುವಾಗ ಇಂಥ ಚೌಕ ಮೂಡುತ್ತದೆ ಎಂದು ರಾಬಿನ್ ಹಾಲಿಡೇ 1964ರಲ್ಲೇ ಹೇಳಿದ್ದರು. ಅದರ ಆಕಾರ ತಿಳಿಯಲು ನಮಗಿದ್ದದ್ದು ಡಿಎನ್ಎ ಓಡಿಸಿ ನೋಡುವ ಜೆಲ್ ಒಂದೇ. ನಾಲ್ಕು ಎಳೆ ಹೆಣೆದು, ಒಂದಕ್ಕೆ ವಿಕಿರಣ ರಂಜಕ ಹಚ್ಚಿ, ಎರಡು ತೋಳು ಉದ್ದ ಉಳಿಸಿ ಎರಡನ್ನು ಕತ್ತರಿಸುವುದು. ಹಾಗೆ ಕತ್ತರಿಸಲು ಆರು ಬಗೆ. ಡೇವಿಡ್ ಲಿಲ್ಲಿ ತಂಡ 1988ರಲ್ಲಿ ತೋರಿಸಿದ ಉಪಾಯವದು. ಉದ್ದ ತೋಳುಗಳ ನಡುವಿನ ಕೋನ ಕಿರಿದಾದಷ್ಟೂ ಜೆಲ್ಲಿನಲ್ಲಿ ಓಟ ನಿಧಾನ. ಮೆಗ್ನೀಸಿಯಂ ಇದ್ದರೆ ಚೌಕ ಮಡಚಿಕೊಂಡು ಓರೆ ಕತ್ತರಿಯಂತಾಗುತ್ತದೆ: ಆರು ಬಗೆಯ ಆರು ಪಟ್ಟಿಗಳಲ್ಲಿ ಎರಡು ನಿಧಾನ, ಎರಡು ಮಧ್ಯಮ, ಎರಡು ವೇಗ. ಇಲ್ಲದಿದ್ದರೆ ನಾಲ್ಕೂ ತೋಳು ಚಾಚಿ ನಾಲ್ಕು ನಿಧಾನ, ಎರಡು ವೇಗ.

ವಿಕಿರಣ ಮಾಪನಿಯನ್ನು ಕಿರುಗುಟ್ಟಿಸುವ ಆ ರಂಜಕದ ಬಲ ಹದಿನಾಲ್ಕು ದಿನಕ್ಕೆ ಅರ್ಧಕ್ಕಿಳಿಯುತ್ತಿತ್ತು. ಹೈದರಾಬಾದಿನ ಜೋನಾಕಿ ಕೇಂದ್ರದಿಂದ ರಂಜಕದ ಪಾರ್ಸೆಲ್ ಬಂದ ದಿನ ಊಟಕ್ಕೂ ಏಳುತ್ತಿರಲಿಲ್ಲ. ರಾತ್ರಿಯಿಡೀ ಫ್ರೀಜರಿನಲ್ಲಿಟ್ಟ ಫಿಲ್ಮನ್ನು ಬೆಳಗ್ಗೆ ಕತ್ತಲಕೋಣೆಯ ಕೆಂಪು ದೀಪದಡಿ ತೊಳೆಯುತ್ತಿದ್ದೆವು.

ಕಪಾಟಿನಲ್ಲಿರುವುದು ಜೋಡಿ ತಪ್ಪಿಸಿದ ಚೌಕದ ಫಿಲ್ಮ್. ಕವಲೊಡೆಯುವ ಜಾಗದಲ್ಲೇ ಡಿಎನ್ಎಯ ಒಂದು ಅಕ್ಷರದೆದುರು ಅದರ ಜೋಡಿಯಲ್ಲದ ಬೇರೆ ಅಕ್ಷರ ಕೂರಿಸಿದ್ದೆವು. ಮೆಗ್ನೀಸಿಯಂ ಅಷ್ಟೇ ಇತ್ತು, ಆದರೂ ಚೌಕ ಮಡಚಲಿಲ್ಲ: ನಾಲ್ಕು ನಿಧಾನ, ಎರಡು ವೇಗ. ಮೆಗ್ನೀಸಿಯಂ ಹೆಚ್ಚಿಸಿದ ಮೇಲಷ್ಟೇ ಮಣಿಯಿತು. ಒಂದೇ ಅಕ್ಷರ ಇಡೀ ಅಣುವಿನ ಮೈಕಟ್ಟನ್ನು ಬದಲಿಸಿದ್ದನ್ನು ನಾನು ಕಣ್ಣಾರೆ ಕಂಡದ್ದು ಆವತ್ತೇ.

ಮುಂದೆ ಫಿಲ್ಮ್ ಹೋಗಿ ಸ್ಕ್ಯಾನರ್ ಬಂತು, ರಂಜಕ ಹೋಗಿ ಹೊಳೆಯುವ ಬಣ್ಣ ಬಂತು. 1999ರಲ್ಲಿ ಹರಳಿನ ಚಿತ್ರವೂ ಬಂತು. ಜಿ-ಎ ಎಂಬ ತಪ್ಪುಜೋಡಿಯಿದ್ದ ತುಣುಕುಗಳನ್ನು ಹರಳುಗಟ್ಟಿಸಿದರೆ ಅವು ನಾಲ್ಕು ಕೂಡಿ ಚೌಕವೇ ಆಗಿದ್ದವು! ಓದಿ ಅರ್ಧ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಮುನಿಯಪ್ಪನವರ ತಂಡ, ಯೀಸ್ಟಿನ ಹಾಪ್1 ಪ್ರೋಟೀನು ಇಂಥ ಚೌಕ ಹಿಡಿದು ತಿರುಚುವುದನ್ನು ತೋರಿಸಿತು.

ಈಗಿನ ಹುಡುಗರು ಎಳೆಗಳನ್ನು ಆರ್ಡರ್ ಮಾಡಿ ತರಿಸಿಕೊಳ್ಳುತ್ತಾರೆ, ಕೈಗೆ ವಿಕಿರಣದ ಭಯವಿಲ್ಲ. ಅದು ಒಳ್ಳೆಯದೇ. ಆದರೂ ಊರಿಗೆ ಬಂದಾಗ ಫಿಲ್ಮ್ ತೆಗೆದು ಕಿಟಕಿಗೆ ಹಿಡಿಯುತ್ತೇನೆ. ಮೂರನೇ ಪಟ್ಟಿ ಎಡಕ್ಕೆ ತುಸು ವಾಲಿದೆ. ಮೂಲೆಯಲ್ಲಿ ದೊಡ್ಡವ್ವನ ಹೆಬ್ಬೆರಳಿನ ಗುರುತು.