ಬೇಕೆಂದೇ ಜಾರುವ ಬೆಲ್ಟು

ಹೆತ್ತೂರಿನ ಕಡೆ ಮಳೆಗಾಲದಲ್ಲಿ ಕಾಫಿ ಕಣಗಳು ಖಾಲಿ ಬಿದ್ದಿರುತ್ತವೆ. ಅಂಥದೊಂದು ಕಣದ ಶೆಡ್ಡಿನಲ್ಲಿ ಪಕ್ಕದ ತೋಟದ ಹುಡುಗ, ಗೊಬ್ಬರ ಹೊರುತ್ತಿದ್ದ ಹಳೇ ಜೀಪ್ ಟ್ರೇಲರಿನ ಮೇಲೆ ಪ್ಲೈವುಡ್ಡಿನ ಗೂಡು ಕಟ್ಟುತ್ತಿದ್ದ. ಒಳಗೆ ಮಂಚ, ದೀಪ, ಫ್ಯಾನು, ಮಿಕ್ಸಿ. ಬಿಸ್ಲೆ ಘಾಟಿ ಇಳಿದು ಕಡಲು ನೋಡಿ ಬರುವ ಹುಮ್ಮಸ್ಸು. ಎರಡು ಸುರುಳಿ ವೈರು ಹಿಡಿದು ಈ ಲೇಖಕನನ್ನು ಕರೆದ. “ಮಾವ, ಬ್ಯಾಟರಿಗೂ ಕೆಂಪು–ಕಪ್ಪು, ಮನೆ ಕರೆಂಟಿಗೂ ಕೆಂಪು–ಕಪ್ಪು. ಎರಡನ್ನೂ ಒಂದೇ ಪೈಪಿನಲ್ಲಿ ಎಳೆದುಬಿಡಲಾ?”

ಬೇಡ ಅನ್ನುವುದಕ್ಕೆ ಒಂದು ನಿಮಿಷ ಸಾಕಿತ್ತು. ಲೇಖಕ ರೈಲು ಹತ್ತಿಬಿಟ್ಟ.

ಗಾಲಿಯ ಮೇಲಿನ ಮನೆಗೆ ಕರೆಂಟು ಕೊಡುವ ತಲೆನೋವನ್ನು ಮೊದಲು ತಲೆಗೆ ಹಚ್ಚಿಕೊಂಡವರು ರೈಲಿನವರು. ಎಣ್ಣೆದೀಪ, ಗ್ಯಾಸ್ ದೀಪ ಎಲ್ಲ ಆದ ಮೇಲೆ, 19ನೇ ಶತಮಾನದ ಕೊನೆಯ ದಶಕದಲ್ಲಿ ಲಂಡನ್ನಿನ ಡೆಪ್ಟ್‌ಫರ್ಡ್‌ನ ಜೆ. ಸ್ಟೋನ್ ಕಂಪನಿ ಬೋಗಿಯ ಹೊಟ್ಟೆಯಡಿ ಡೈನಮೋ ತೂಗುಹಾಕಿತು. ಗಾಲಿಯ ಆಕ್ಸಲ್‌ನಿಂದ ಅದಕ್ಕೊಂದು ಬೆಲ್ಟು, ಪಕ್ಕದಲ್ಲಿ ಬ್ಯಾಟರಿ. ಗಾಡಿ ಓಡಿದರೆ ಡೈನಮೋ, ನಿಂತರೆ ಬ್ಯಾಟರಿ. ಕೇಳಲು ಸುಲಭ. ಆದರೆ ರೈಲು ಒಂದೇ ವೇಗದಲ್ಲಿ ಓಡುತ್ತದೆಯೇ? ವೇಗ ಏರಿದಂತೆ ಡೈನಮೋ ಸೊಕ್ಕಿ ದೀಪ ಸುಟ್ಟೀತು, ಬ್ಯಾಟರಿ ಕುದಿದೀತು. ಅದನ್ನು ತಡೆಯಲು ಸ್ಟೋನಿನವರು ಡೈನಮೋವನ್ನು ಬಿಗಿಯಾಗಿ ಕೂರಿಸದೆ ಸಡಿಲವಾಗಿ ತೂಗಿಬಿಟ್ಟರು. ಹೊರೆ ಮಿತಿ ಮೀರಿದರೆ ಬೆಲ್ಟು ಡೈನಮೋವನ್ನೇ ಆಕ್ಸಲ್ ಕಡೆಗೆ ಎಳೆದುಕೊಳ್ಳುತ್ತದೆ, ತಾನೇ ಸಡಿಲಾಗುತ್ತದೆ, ಜಾರುತ್ತದೆ. ಗಾಡಿ ಇನ್ನೆಷ್ಟೇ ಓಡಲಿ, ಕರೆಂಟು ಅಷ್ಟಕ್ಕೇ ನಿಲ್ಲುತ್ತದೆ. ಬೆಲ್ಟು ಜಾರಿದರೆ ಬೈಯುವ ಗಿರಣಿಯವರ ನಡುವೆ, ಜಾರುವುದನ್ನೇ ಕೆಲಸಕ್ಕೆ ಹಚ್ಚಿದ ಈ ಬುದ್ಧಿಯನ್ನು ಲೇಖಕ ಬಹಳ ದೊಡ್ಡದೆಂದು ಎಣಿಸುತ್ತಾನೆ. ಗಾಡಿ ಹಿಂದುಮುಂದಾಗಿ ಹೊರಟರೆ ಪ್ಲಸ್ಸು ಮೈನಸ್ಸು ಅದಲುಬದಲಾಗುತ್ತದಲ್ಲ, ಅದನ್ನು ಸರಿಪಡಿಸಲೂ ಅದರಲ್ಲೊಂದು ಕೀಲು ಇತ್ತು.

ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ 1979ರಲ್ಲಿ ತೆರೆಯುವ ಹೊತ್ತಿಗೆ ಜಾರುವ ಬೆಲ್ಟಿನ ಕಾಲ ಮುಗಿದು ರೆಗ್ಯುಲೇಟರುಗಳು ಬಂದಿದ್ದವು. ಬೋಗಿಯ ದೀಪ ಮೊದಲು 24, ಆಮೇಲೆ 110 ವೋಲ್ಟಿನ ಡಿಸಿ. ಆದರೂ ಸಕಲೇಶಪುರ ದಾಟಿ ಸುಬ್ರಹ್ಮಣ್ಯದ ಕಡೆಗೆ 57 ಸುರಂಗಗಳಲ್ಲಿ ಗಾಡಿ ತೆವಳುವಾಗ ಲೇಖಕ ಕಣಿವೆ ನೋಡುತ್ತಿರಲಿಲ್ಲ; ತಲೆಯ ಮೇಲಿನ ಬಲ್ಬು ಮಂಕಾಗುತ್ತದೋ ಎಂದು ಕತ್ತೆತ್ತಿ ಕೂರುತ್ತಿದ್ದ. ಅಂಥ ನಿಧಾನದಲ್ಲಿ ಭಾರವೆಲ್ಲ ಬ್ಯಾಟರಿಯದು. ಹಳಿ ಅಗಲಿಸುವುದಕ್ಕೆಂದು 1996ರಲ್ಲಿ ಆ ಮಾರ್ಗ ಮುಚ್ಚಿತು. ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ.

“ಮಾವ, ನನ್ನ ಮಿಕ್ಸಿ?” ಎಂದ ಹುಡುಗ.

ಅಲ್ಲೇ ಲೆಕ್ಕ ಹಾಕಿದ್ದಾಯಿತು. 60 ವ್ಯಾಟಿಗೆ ಮನೆಯ 230 ವೋಲ್ಟಿನಲ್ಲಿ ಕಾಲು ಆಂಪಿಯರ್ ಹರಿದರೆ, 12 ವೋಲ್ಟಿನಲ್ಲಿ 5 ಆಂಪಿಯರ್. ಒಂದೇ ವೈರಿನಲ್ಲಿ ಹರಿಸಿದರೆ ಬಿಸಿಯಾಗಿ ಹೋಗುವ ನಷ್ಟ ಸುಮಾರು 370 ಪಟ್ಟು. 750 ವ್ಯಾಟಿನ ಮಿಕ್ಸಿಯನ್ನು ಇನ್ವರ್ಟರ್ ಮೇಲೆ ತಿರುಗಿಸಿದರೆ ಬ್ಯಾಟರಿಯಿಂದ 60 ಆಂಪಿಯರ್‌ಗೂ ಹೆಚ್ಚು. ಚಟ್ನಿ ಆಗುವುದರೊಳಗೆ ಸಣ್ಣ ವೈರು ಬೆಂದುಹೋಗುತ್ತದೆ. ಆದ್ದರಿಂದ ಬ್ಯಾಟರಿಯ ಕಡೆಗೆ ದಪ್ಪ ವೈರು, ಪ್ಲಸ್ ತುದಿಗೆ ಅಂಟಿಕೊಂಡಂತೆ ಫ್ಯೂಸು. ಎಸಿಯ ಕಪ್ಪು ನ್ಯೂಟ್ರಲ್, ಡಿಸಿಯ ಕಪ್ಪು ಮೈನಸ್ಸು. ಕೆಂಪು ಇಲ್ಲಿ ಫೇಸು, ಅಲ್ಲಿ ಪ್ಲಸ್ಸು. ಹಾಗಾಗಿ ಎರಡಕ್ಕೂ ಬೇರೆ ಬೇರೆ ಪೈಪು, ಬೇರೆ ಬೇರೆ ಡಬ್ಬಿ, ಮೇಲೆ ದೊಡ್ಡ ಅಕ್ಷರದ ಚೀಟಿ.

ಜೀಪು ಓಡುವಾಗ ಟ್ರೇಲರಿನ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡಬೇಕೆಂಬ ಆಸೆಯೂ ಹುಡುಗನಿಗಿತ್ತು. ನೇರ ವೈರು ಕೊಟ್ಟರೆ ಆ ಬ್ಯಾಟರಿ ಎಳೆಯುವ ಎಳೆತಕ್ಕೆ ಜೀಪಿನ ಆಲ್ಟರ್ನೇಟರ್ ಕಾದು ಕೆಡುತ್ತದೆ. ನಡುವೆ ಡಿಸಿ–ಡಿಸಿ ಚಾರ್ಜರ್ ಇರಬೇಕು. ಇಷ್ಟೇ ಆಂಪಿಯರ್ ಎಂದು ಕಟ್ಟಿ ನಿಲ್ಲಿಸುವುದೇ ಅದರ ಕೆಲಸ. ಸ್ಟೋನಿನವರ ಬೆಲ್ಟು ಮಾಡುತ್ತಿದ್ದುದೂ ಅದನ್ನೇ. ಲೇಖಕನ ಮಟ್ಟಿಗೆ ಬೆಲ್ಟೇ ಚೆಂದ, ಚಾರ್ಜರೇ ವಾಸಿ.

ಇಂಥ ಗಾಡಿ ಕಟ್ಟುತ್ತಿರುವವರಿಗೊಂದು ಮಾತು. ರಬ್ಬರ್ ಟೈರಿನ ಮೇಲೆ ನಿಂತ ಕಬ್ಬಿಣದ ಚಾಸಿಗೆ ಫೇಸು ತಗುಲಿದರೆ, ಒದ್ದೆ ನೆಲದಲ್ಲಿ ನಿಂತು ಬಾಗಿಲು ಮುಟ್ಟಿದವನ ಮೂಲಕವೇ ಕರೆಂಟು ನೆಲ ಸೇರುತ್ತದೆ. ಚಾಸಿಗೆ ಅರ್ಥ್ ಕೊಡಿ. ಕರೆಂಟು ಸೋರಿದೊಡನೆ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಹಾಕಿ, ಊರು ಬಿಡುವ ಮುಂಚೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ.