ಕಾರ್ತೇಜಿನ ಸೆರೆಯಲ್ಲಿ ಹಾಲೂಡುವ ತಾಯಿ

ಮೆಟ್ಟಿಲು ಇಳಿಯುವಾಗ ಗೋಡೆಗೆ ಕೈ ಊರಬೇಡಿ. ಒದ್ದೆಯಾಗಿದೆ, ಯಾವುದರಿಂದ ಒದ್ದೆ ಎಂದು ಈ ಕತ್ತಲಲ್ಲಿ ತಿಳಿಯುವುದಿಲ್ಲ. ನಿಮ್ಮ ಮುಂದೆ ಇಬ್ಬರು ಧರ್ಮಸೇವಕರು, ತೆರ್ತಿಯಸ್ ಮತ್ತು ಪೊಂಪೋನಿಯಸ್, ತಲೆ ತಗ್ಗಿಸಿ ನಡೆಯುತ್ತಿದ್ದಾರೆ. ಕಾವಲಿನವನ ಕೈ ಬಿಸಿ ಮಾಡಿಯೇ ಅವರು ಒಳಗೆ ದಾರಿ ಮಾಡಿಕೊಂಡಿರುವುದು. ನಿಮ್ಮ ಕಂಕುಳಲ್ಲಿ ರೊಟ್ಟಿಯ ಗಂಟಿದೆ. ನಾಲ್ಕು ಹೆಜ್ಜೆ ಇಟ್ಟಕೂಡಲೇ ಸೆಕೆ ಮುಖಕ್ಕೆ ರಾಚುತ್ತದೆ. ಬೆವರು, ಉಚ್ಚೆ, ಹಳಸಿದ ಹುಲ್ಲು. ತುಂಬಿ ತುಳುಕುವ ಈ ನೆಲಮನೆಯಲ್ಲಿ ಜನ ಉಸಿರಾಡುವುದು ಕೇಳಿಸುತ್ತದೆ, ಕಾಣಿಸುವುದಿಲ್ಲ. ಎಲ್ಲೋ ಮೂಲೆಯಲ್ಲಿ ಒಂದು ಕೂಸು ಅಳುತ್ತಿದೆ. ಜೋರಾಗಿ ಅಳುವ ಕೂಸಿನ ಭಯವಿಲ್ಲ. ಇದು ಅಳಲೂ ತ್ರಾಣವಿಲ್ಲದೆ ಕುಂಯ್‌ಗುಡುತ್ತಿದೆ.

ವರ್ಷ ಕ್ರಿ.ಶ. 203. ಊರು ಕಾರ್ತೇಜ್, ರೋಮನ್ ಆಫ್ರಿಕದ ದೊಡ್ಡ ಬಂದರು, ಇಂದಿನ ಟ್ಯೂನಿಸ್ ನಗರದ ಪಕ್ಕದಲ್ಲಿ. ನೀವು ಕ್ರಿಸ್ತನ ಮಾತು ಕೇಳಲು ತೊಡಗಿ ಕೆಲವು ತಿಂಗಳಾಗಿವೆ, ದೀಕ್ಷಾಸ್ನಾನ ಇನ್ನೂ ಆಗಿಲ್ಲ. ಅಂದರೆ ಹಿಂದಕ್ಕೆ ಸರಿಯಲು ನಿಮಗಿನ್ನೂ ಎಡೆಯಿದೆ. ಒಳಗಿರುವವರಿಗೂ ಮೊನ್ನೆಯವರೆಗೆ ಆ ಎಡೆಯಿತ್ತು. ಹಿಡಿದ ಮೇಲೆ, ಕಾವಲಿನಲ್ಲಿದ್ದುಕೊಂಡೇ, ಅವರು ನೀರಿಗಿಳಿದು ದೀಕ್ಷಾಸ್ನಾನ ಪಡೆದರು. ಆ ನೀರಿನಲ್ಲಿ ಮುಳುಗುವುದೆಂದರೆ ಕ್ರಿಸ್ತನ ಜೊತೆ ಸಾಯುವುದು, ಮೇಲೇಳುವುದೆಂದರೆ ಅವನ ಜೊತೆ ಎದ್ದು ಬರುವುದು ಎಂದು ನಿಮಗೂ ಕಲಿಸಿದ್ದಾರೆ. ಕಲಿಯುವಾಗ ಅದು ಪಾಠವಾಗಿತ್ತು. ಇಲ್ಲಿ ಅದಕ್ಕೆ ವಾಸನೆಯಿದೆ.

ಹಣ ಕೊಟ್ಟದ್ದಕ್ಕೆ ಕೆಲವು ಗಂಟೆಗಳ ಮಟ್ಟಿಗೆ ಅವರನ್ನು ಗಾಳಿಯಾಡುವ ಕೋಣೆಗೆ ಬಿಡುತ್ತಾರೆ. ಬೆಳಕಿಗೆ ಬಂದವಳನ್ನು ನೋಡಿ. ವಿಬಿಯಾ ಪೆರ್ಪೆತುವಾ, ಇಪ್ಪತ್ತೆರಡರ ಆಸುಪಾಸು, ಒಳ್ಳೆಯ ಮನೆತನದ ಓದಿದ ಹೆಣ್ಣು. ಮದುವೆಯಾಗಿದೆ, ಗಂಡನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಕಟ್ಟಿಕೊಂಡ ಎದೆ ಕಲ್ಲಿನಂತಾಗಿದೆ. ಅವಳ ತಾಯಿ ಮಗುವನ್ನು ಕೈಗಿಟ್ಟಾಗ ಅದಕ್ಕೆ ಮೊಲೆ ಹಿಡಿಯುವ ಶಕ್ತಿಯೂ ಇಲ್ಲ. ತೊಟ್ಟನ್ನು ತುಟಿಗೆ ತಾಗಿಸುತ್ತಾಳೆ, ಜಾರುತ್ತದೆ; ಮತ್ತೆ ತಾಗಿಸುತ್ತಾಳೆ. ಕೊನೆಗೊಮ್ಮೆ ಕೂಸಿನ ಗಂಟಲು ಗುಟುಕರಿಸುತ್ತದೆ. ಆಗ ಅವಳ ಹೆಗಲು ಇಳಿಯುವುದನ್ನು ನೀವು ನೋಡುತ್ತೀರಿ. ಸಾವಿಗೆ ಅಂಜದವಳೆಂದು ಹೆಸರಾದ ಇವಳು ಈ ಸೆರೆಯಲ್ಲಿ ನಲುಗಿದ್ದು ಮಗುವಿನ ಚಿಂತೆಯಿಂದ. ನಾನು ಹೇಳುತ್ತಿಲ್ಲ, ಅವಳೇ ಬರೆದಿಟ್ಟಿದ್ದಾಳೆ. ಹೌದು, ಈ ಸೆರೆಮನೆಯಲ್ಲಿ ಕೂತು ಅವಳು ದಿನಚರಿ ಬರೆಯುತ್ತಿದ್ದಾಳೆ. ಕ್ರೈಸ್ತ ಹೆಣ್ಣೊಬ್ಬಳು ತಾನೇ ಬರೆದ, ಇಂದಿಗೂ ಉಳಿದುಬಂದ ಅತಿ ಹಳೆಯ ಬರಹಗಳಲ್ಲಿ ಅದೊಂದು.

ಅವಳ ಅಪ್ಪ ಬಂದಾಗ ನೀವು ಅಲ್ಲಿರದಿದ್ದರೆ ಒಳ್ಳೆಯದಿತ್ತು. ನರೆತ ತಲೆಯ ಮನುಷ್ಯ. ಮನೆಯಲ್ಲಿ ಕ್ರಿಸ್ತನನ್ನು ಒಪ್ಪದವನು ಅವನು. ಮೊದಲ ಸಲ ಬಂದಾಗ ಮಗಳ ಕಣ್ಣು ಕಿತ್ತುಹಾಕುವಂತೆ ಮೈಮೇಲೆ ಬಿದ್ದಿದ್ದ. ಈಗ ಮಂಡಿಯೂರಿದ್ದಾನೆ, ಅವಳ ಕೈಗೆ ಮುತ್ತಿಡುತ್ತಿದ್ದಾನೆ, ಮಗಳೇ ಎನ್ನುವುದನ್ನು ಬಿಟ್ಟು ಒಡತಿ ಎಂದು ಕರೆಯುತ್ತಿದ್ದಾನೆ. ಗಂಡುಮಕ್ಕಳಿಗಿಂತ ಹೆಚ್ಚಾಗಿ ಸಾಕಿದೆ, ಜನರೆದುರು ನನ್ನ ಮಾನ ಕಳೆಯಬೇಡ, ತಾಯಿಯನ್ನು ನೋಡು, ನೀನಿಲ್ಲದೆ ಬದುಕದ ಆ ಹಸುಳೆಯನ್ನು ನೋಡು ಎಂದು ಗೋಗರೆಯುತ್ತಾನೆ. ಸಂತರ ಕಥೆ ಹೇಳುವವರು ಈ ಅಪ್ಪನನ್ನು ಸೈತಾನನ ಬಾಯಿಯೆಂದು ಬದಿಗೆ ತಳ್ಳಿಬಿಡುವುದುಂಟು. ನನಗೆ ಅದು ಆಗುವುದಿಲ್ಲ. ಅವನು ಕೇಳುತ್ತಿರುವುದರಲ್ಲಿ ಸುಳ್ಳೇನೂ ಇಲ್ಲ.

ಅವಳು ಸೋಲುವುದಿಲ್ಲ, ಆದರೆ ಅವನಿಗಾಗಿ ನೋಯುತ್ತಾಳೆ. ಆಗುವುದೆಲ್ಲ ದೇವರ ಚಿತ್ತ ಎಂದು ಸಮಾಧಾನ ಹೇಳುತ್ತಾಳೆ. ಅವನು ಎದ್ದು ಹೋಗುತ್ತಾನೆ.

ಇದಕ್ಕೂ ಮೊದಲು ಒಂದು ರಾತ್ರಿ ಅವಳಿಗೆ ಕನಸು ಬಿದ್ದಿತ್ತು. ನೋಡಲು ಬಂದ ಸೋದರನಿಗೆ ಹೇಳಿದ್ದನ್ನು ನೀವೂ ಕೇಳಿಸಿಕೊಂಡಿದ್ದೀರಿ. ಆಕಾಶ ಮುಟ್ಟುವ ಕಂಚಿನ ಏಣಿ, ಒಬ್ಬೊಬ್ಬರೇ ಹತ್ತುವಷ್ಟು ಕಿರಿದು. ಇಕ್ಕೆಲದಲ್ಲೂ ಕತ್ತಿ, ಈಟಿ, ಕೊಕ್ಕೆ. ಎಚ್ಚರ ತಪ್ಪಿದರೆ ಮೈ ಚಿಂದಿ. ಬುಡದಲ್ಲಿ ಮಹಾಸರ್ಪ. ಮೊದಲು ಹತ್ತಿದವನು ಸತುರಸ್, ಇವರಿಗೆಲ್ಲ ಧರ್ಮಬೋಧೆ ಮಾಡಿದವನು. ಇವರನ್ನು ಹಿಡಿದಾಗ ಜೊತೆಯಲ್ಲಿರದ ಅವನು ಆಮೇಲೆ ತಾನಾಗಿ ಬಂದು ಸೆರೆಯಾದ. ಪೆರ್ಪೆತುವಾ ಸರ್ಪದ ತಲೆಯನ್ನೇ ಮೊದಲ ಮೆಟ್ಟಿಲು ಮಾಡಿಕೊಂಡು ಏರಿದಳು. ಮೇಲೆ ದೊಡ್ಡ ತೋಟ. ಬಿಳಿಗೂದಲಿನ ಕುರುಬನೊಬ್ಬ ಕುರಿಯ ಹಾಲು ಕರೆಯುತ್ತಿದ್ದ. ಆ ಹಾಲಿನ ಗಿಣ್ಣದಂಥ ಒಂದು ತುತ್ತನ್ನು ಅವಳ ಕೈಗಿಟ್ಟ. ಕೈ ಜೋಡಿಸಿ ಅದನ್ನು ತೆಗೆದುಕೊಂಡು ತಿನ್ನುವಾಗ ಸುತ್ತ ನಿಂತ ಬಿಳಿಯುಡುಗೆಯವರು ಆಮೆನ್ ಎಂದರು. ಎಚ್ಚರವಾದಾಗ ಬಾಯಲ್ಲಿ ಏನೋ ಸಿಹಿಯಿತ್ತಂತೆ. ಪರಮಪ್ರಸಾದ ಸ್ವೀಕರಿಸಿದ ಯಾವ ಕಥೋಲಿಕರಿಗೂ ಆ ಜೋಡಿಸಿದ ಕೈ, ಆ ಆಮೆನ್ ಗುರುತು ಸಿಗುತ್ತದೆ. ಕನಸು ಮುಗಿದ ಮೇಲೆ ಅವಳೂ ಆ ಸೋದರನೂ ಬದುಕುವ ಆಸೆ ಬಿಟ್ಟರು. ಸ್ವರ್ಗದ ರುಚಿಯನ್ನು ಅವಳು ನಾಲಿಗೆಯಿಂದಲೇ ತಿಳಿದಳು ಎನ್ನುವುದನ್ನು ಮಾತ್ರ ಮರೆಯಬೇಡಿ.

ವಿಚಾರಣೆಯ ದಿನ. ಊಟದ ನಡುವೆಯೇ ಅವರನ್ನು ಎಬ್ಬಿಸಿ ಚೌಕಕ್ಕೆ ಒಯ್ಯುತ್ತಾರೆ. ಸುದ್ದಿ ಹಬ್ಬಿ ಜನ ಕಿಕ್ಕಿರಿದಿದ್ದಾರೆ. ನಿಮ್ಮ ಪಕ್ಕೆಗೆ ಯಾರದೋ ಮೊಣಕೈ. ರಾಜ್ಯಪಾಲ ತೀರಿಕೊಂಡಿರುವುದರಿಂದ ಮರಣದಂಡನೆಯ ಅಧಿಕಾರ ಈಗ ಹಿಲೇರಿಯಾನಸ್‌ನ ಕೈಯಲ್ಲಿದೆ. ಒಬ್ಬೊಬ್ಬರನ್ನೇ ಕೇಳುತ್ತಾರೆ, ಒಬ್ಬೊಬ್ಬರೇ ಒಪ್ಪಿಕೊಳ್ಳುತ್ತಾರೆ. ಅವಳ ಸರದಿ ಬಂದಾಗ ಅಪ್ಪ ಮಗುವನ್ನೆತ್ತಿಕೊಂಡು ನುಗ್ಗಿ ಅವಳನ್ನು ಮೆಟ್ಟಿಲಿಂದ ಕೆಳಗೆಳೆಯುತ್ತಾನೆ. ಕೂಸಿನ ಮೇಲೆ ಕರುಣೆಯಿಡು, ಬಲಿ ಅರ್ಪಿಸು. ಅಧಿಕಾರಿಯೂ ಅದನ್ನೇ ಹೇಳುತ್ತಾನೆ, ಗದರದೆ ಹೇಳುತ್ತಾನೆ: ತಂದೆಯ ನರೆಗೂದಲನ್ನು ನೋಡು, ಮಗುವನ್ನು ನೋಡು, ಸಾಮ್ರಾಟರ ಕ್ಷೇಮಕ್ಕಾಗಿ ಒಂದು ಬಲಿ ಕೊಟ್ಟುಬಿಡು.

ನೀವು ಲೆಕ್ಕ ಹಾಕುತ್ತಿದ್ದೀರಿ. ಇಂಥ ಕಡೆ ಚಿಟಿಕೆ ಧೂಪ, ನಾಲ್ಕು ಹನಿ ದ್ರಾಕ್ಷಾರಸ ಸಾಕಾಗುವುದುಂಟು. ಬೆರಳಿನ ಒಂದು ಚಲನೆ. ಸಂಜೆಗೆ ಮನೆ, ತೊಟ್ಟಿಲು. ಒಳಗೊಳಗೇ ಕ್ರಿಸ್ತನನ್ನು ನಂಬಿಕೊಂಡಿದ್ದರೆ ಯಾರಿಗೆ ಗೊತ್ತಾಗುತ್ತದೆ? ಆದರೆ ಅವಳ ನಂಬಿಕೆಯಲ್ಲಿ ಬಲಿ ಒಂದೇ, ಅದು ಶಿಲುಬೆಯ ಮೇಲೆ ಆಗಿಹೋಗಿದೆ. ಪ್ರತಿ ಬಲಿಪೂಜೆಯಲ್ಲಿ ಧರ್ಮಸಭೆ ಎತ್ತಿ ಹಿಡಿಯುವುದು ಅದನ್ನೇ. ಸಾಮ್ರಾಟನ ಬೆಂಕಿಗೆ ಚಿಟಿಕೆ ಹಾಕಿದರೂ ಅದೊಂದು ಸಾಲದೆಂದು ಸಾರಿದಂತೆ. ಮನಸ್ಸು ಬೇರೆ ಕೈ ಬೇರೆ ಎಂಬ ವಿಂಗಡಣೆಯನ್ನು ಅವಳು ಒಪ್ಪುವವಳಲ್ಲ.

ಮಾಡಲಾರೆ ಎನ್ನುತ್ತಾಳೆ. ಕ್ರೈಸ್ತಳೇ ಎಂದು ಕೇಳಿದ್ದಕ್ಕೆ ಹೌದೆನ್ನುತ್ತಾಳೆ. ಅಪ್ಪ ಇನ್ನೂ ಎಳೆಯುತ್ತಲೇ ಇದ್ದಾನೆ. ಹಿಲೇರಿಯಾನಸ್ ಸನ್ನೆ ಮಾಡುತ್ತಾನೆ. ಮುದುಕನನ್ನು ಕೆಡವುತ್ತಾರೆ, ಬೆತ್ತ ಬೀಸುತ್ತಾರೆ. ಆ ಏಟಿನ ಸದ್ದಿಗೆ ಅವಳ ಮುಖ ಕಿವುಚುತ್ತದೆ, ತನಗೇ ಬಿದ್ದಂತೆ. ತೀರ್ಪು: ಕಾಡುಮೃಗಗಳಿಗೆ.

ಪೊಂಪೋನಿಯಸ್ ಮಗುವನ್ನು ತರಲು ಓಡುತ್ತಾನೆ. ಅಪ್ಪ ಕೊಡುವುದಿಲ್ಲ. ಅಂದಿನಿಂದ ಮಗು ಮೊಲೆ ಬೇಡುವುದನ್ನು ನಿಲ್ಲಿಸಿತು, ಅವಳ ಎದೆಯೂ ಬಾಧಿಸಲಿಲ್ಲ. ಇದನ್ನವಳು ಕೃಪೆಯೆಂದೇ ಬರೆದುಕೊಳ್ಳುತ್ತಾಳೆ.

ಇನ್ನೊಂದು ಮಗು ಅವಳ ಪ್ರಾರ್ಥನೆಯ ನಡುವೆ ನುಸುಳುತ್ತದೆ. ತಮ್ಮ ಡಿನೊಕ್ರಾಟಿಸ್, ಏಳು ವರ್ಷಕ್ಕೆ ಮುಖದ ಹುಣ್ಣು ಕೊಳೆತು ಸತ್ತವನು. ಕನಸಿನಲ್ಲಿ ಕತ್ತಲೆಯ ಜಾಗದಿಂದ ಬರುತ್ತಾನೆ, ಕೊಳಕಾಗಿ, ಬಾಯಾರಿ. ಎದುರಿಗೇ ನೀರಿನ ತೊಟ್ಟಿ. ಅಂಚು ಅವನ ತಲೆಗಿಂತ ಎತ್ತರ. ಎಟುಕಿಸಿಕೊಳ್ಳಲು ಹೆಣಗುತ್ತಾನೆ, ಸಿಗುವುದಿಲ್ಲ. ಎದ್ದವಳು ಹಗಲಿರುಳು ಅತ್ತು ಬೇಡುತ್ತಾಳೆ. ದಿನಗಳ ಮೇಲೆ ಮತ್ತೆ ಕಂಡಾಗ ತೊಟ್ಟಿಯ ಅಂಚು ಹೊಕ್ಕುಳ ಮಟ್ಟಕ್ಕಿಳಿದಿದೆ, ಹುಣ್ಣಿದ್ದಲ್ಲಿ ಕಲೆ, ಚಿನ್ನದ ಬಟ್ಟಲಲ್ಲಿ ನೀರು. ಹುಡುಗ ಕುಡಿದು ಆಡಲು ಓಡುತ್ತಾನೆ. ಸತ್ತವರಿಗಾಗಿ ಬದುಕಿರುವವರ ಪ್ರಾರ್ಥನೆ ಮುಟ್ಟುತ್ತದೆ ಎಂದು ಕಥೋಲಿಕರು ನಂಬುವುದಕ್ಕೆ ಇಷ್ಟು ಹಳೆಯ ಸಾಕ್ಷಿಗಳು ಬಹಳ ಇಲ್ಲ. ಇನ್ನೂರು ವರ್ಷ ಕಳೆದ ಮೇಲೂ ಈ ಹುಡುಗ ಗಲಾಟೆ ಎಬ್ಬಿಸಿದ: ದೀಕ್ಷಾಸ್ನಾನವಿಲ್ಲದೆಯೂ ರಕ್ಷಣೆಯುಂಟು ಎನ್ನಲು ಒಬ್ಬರು ಇವನನ್ನೇ ಮುಂದಿಟ್ಟಾಗ, ಸಂತ ಅಗಸ್ಟೀನರು, ಇದು ಧರ್ಮಗ್ರಂಥವಲ್ಲ, ಹುಡುಗನಿಗೆ ದೀಕ್ಷಾಸ್ನಾನವಾಗಿರಲಿಲ್ಲವೆಂದು ಎಲ್ಲಿ ಬರೆದಿದೆ ಎಂದು ವಾದಿಸಬೇಕಾಯಿತು. ಅಕ್ಕನಿಗೆ ಆ ತರ್ಕ ಬೇಕಿರಲಿಲ್ಲ. ಅಂಚು ಇಳಿದರೆ ಸಾಕಿತ್ತು.

ಮೃಗಗಳ ಆಟಕ್ಕೆ ಎರಡೇ ದಿನ ಉಳಿದಿದೆ, ಇವರ ಜೊತೆಯಲ್ಲೇ ಸೆರೆಯಾದ ಫೆಲಿಸಿತಾ ಕಂಗಾಲು. ಅವಳು ದಾಸಿ, ಎಂಟು ತಿಂಗಳ ಬಸುರಿ. ಬಸುರಿಯರನ್ನು ಕೊಲ್ಲಲು ಕಾನೂನು ಬಿಡುವುದಿಲ್ಲ. ಜೊತೆಗಾರರೆಲ್ಲ ಹೋದ ಮೇಲೆ ಕೊಲೆಗಡುಕರ ನಡುವೆ ಒಬ್ಬಳೇ ಸಾಯಬೇಕಲ್ಲ ಎಂದು ಅವಳ ಅಳಲು. ಎಲ್ಲರೂ ಕೂಡಿ ಪ್ರಾರ್ಥಿಸುತ್ತಾರೆ, ನೋವು ಶುರುವಾಗುತ್ತದೆ. ತಿಂಗಳು ತುಂಬದ ಹೆರಿಗೆ, ಕಲ್ಲುನೆಲ. ಅವಳು ಚೀರುತ್ತಾಳೆ. ಸೆರೆಮನೆಯ ಆಳೊಬ್ಬ ನಗುತ್ತಾನೆ: ಇದಕ್ಕೇ ಹೀಗಾದರೆ ಮೃಗಗಳ ಮುಂದೆ ಏನು ಮಾಡುತ್ತೀ? ಹಲ್ಲು ಕಚ್ಚಿಕೊಂಡೇ ಅವಳು ಕೊಟ್ಟ ಉತ್ತರ ಸೆರೆಯಲ್ಲೆಲ್ಲ ಹಬ್ಬುತ್ತದೆ. ಈಗ ಸಹಿಸುತ್ತಿರುವವಳು ತಾನು. ಅಲ್ಲಿ ತನಗಾಗಿ ಸಹಿಸುವವನು ತನ್ನೊಳಗೇ ಇರುತ್ತಾನೆ, ತಾನು ಸಹಿಸುವುದು ಅವನಿಗಾಗಿ ಎನ್ನುತ್ತಾಳೆ. ಹೆಣ್ಣುಮಗು. ವಿಶ್ವಾಸಿ ಹೆಣ್ಣೊಬ್ಬಳು ಅದನ್ನು ತನ್ನ ಮಗಳೆಂದು ಎತ್ತಿಕೊಳ್ಳುತ್ತಾಳೆ.

ಕೊನೆಯ ಊಟಕ್ಕೆ ಜನ ನೋಡಲು ಬರುತ್ತಾರೆ, ಬಾಯಿ ಚಪ್ಪರಿಸುತ್ತ. ನಮ್ಮ ಮುಖಗಳನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ, ಆ ದಿನ ಗುರುತು ಹಿಡಿಯಲು ಬೇಕಾಗುತ್ತದೆ ಎಂದು ಸತುರಸ್ ಮೂದಲಿಸುತ್ತಾನೆ. ನೀವು ಗುಂಪಿನ ಹಿಂದೆ ಸರಿದು ನಿಲ್ಲುತ್ತೀರಿ.

ಮಾರ್ಚ್ 7. ಸಾಮ್ರಾಟ ಸೆಪ್ಟಿಮಿಯಸ್ ಸೆವೆರಸ್‌ನ ಮಗ ಗೇತಾನ ಹುಟ್ಟುಹಬ್ಬದ ಆಟ, ದಂಡಿನ ಅಖಾಡ. ದ್ವಾರದಲ್ಲಿ ಗಂಡಸರಿಗೆ ಸ್ಯಾಟರ್ನ್ ದೇವರ ಅರ್ಚಕರ ವೇಷ, ಹೆಂಗಸರಿಗೆ ಸಿರೀಸ್ ದೇವತೆಯ ಸೇವಿಕೆಯರ ವೇಷ ತೊಡಿಸಲು ಬರುತ್ತಾರೆ. ಪೆರ್ಪೆತುವಾ ತಡೆಯುತ್ತಾಳೆ: ಇಂಥದ್ದು ಮಾಡಬಾರದೆಂದೇ ಅಲ್ಲವೇ ಪ್ರಾಣ ಕೊಡುತ್ತಿರುವುದು? ಅಧಿಕಾರಿ ಸೋಲುತ್ತಾನೆ. ಅವಳು ಕೀರ್ತನೆ ಹಾಡುತ್ತ ಮರಳಿಗೆ ಇಳಿಯುತ್ತಾಳೆ.

ಗದ್ದಲ ನಿಮ್ಮ ಎದೆಗೂಡಿಗೆ ಬಡಿಯುತ್ತದೆ. ಮೊದಲು ಚಾವಟಿಗಳ ಸಾಲು. ಆಮೇಲೆ ಗಂಡಸರ ಮೇಲೆ ಚಿರತೆ, ಕರಡಿ. ಸತುರಸ್‌ಗೆಂದು ಬಿಟ್ಟ ಕಾಡುಹಂದಿ ಅವನನ್ನು ತನಗೆ ಕಟ್ಟಿದವನನ್ನೇ ತಿವಿಯುತ್ತದೆ. ಹೆಂಗಸರಿಗೆ ಹುಚ್ಚೆದ್ದ ಹಸು. ಬತ್ತಲೆಯಾಗಿ ಬಲೆಯಲ್ಲಿ ಸುತ್ತಿ ತರುತ್ತಾರೆ. ಒಬ್ಬಳು ಎಳೆಯ ಹೆಣ್ಣು, ಇನ್ನೊಬ್ಬಳ ಎದೆಯಿಂದ ಹಾಲು ತೊಟ್ಟಿಕ್ಕುತ್ತಿದೆ. ರಕ್ತಕ್ಕಾಗಿ ಬಂದ ಜನವೇ ಛೇ ಎನ್ನುತ್ತದೆ. ವಾಪಸು ಒಯ್ದು ಅಂಗಿ ತೊಡಿಸಿ ತರುತ್ತಾರೆ.

ಹಸು ನುಗ್ಗುತ್ತದೆ. ಪೆರ್ಪೆತುವಾ ಗಾಳಿಯಲ್ಲಿ. ಸೊಂಟದ ಮೇಲೆ ಬೀಳುತ್ತಾಳೆ. ಎದ್ದು ಕೂತು ಮೊದಲು ಹರಿದ ಅಂಗಿಯನ್ನು ತೊಡೆಯ ಮೇಲೆಳೆದುಕೊಳ್ಳುತ್ತಾಳೆ. ಆಮೇಲೆ ಕೂದಲಿನ ಮುಳ್ಳು ಹುಡುಕಿ ಕೆದರಿದ ತಲೆ ಕಟ್ಟುತ್ತಾಳೆ. ಕೂದಲು ಬಿಚ್ಚಿಕೊಳ್ಳುವುದು ಸೂತಕದವರು. ಆಮೇಲೆ ಫೆಲಿಸಿತಾಳ ಬಳಿಗೆ ಹೋಗಿ ಕೈ ಹಿಡಿದೆತ್ತುತ್ತಾಳೆ. ಒಡತಿಯ ದರ್ಜೆಯವಳು, ದಾಸಿ, ಜೊತೆಯಲ್ಲಿ ನಿಂತಿದ್ದಾರೆ. ಈ ದೇಹವೇ ಮತ್ತೆ ಎದ್ದು ಬರುತ್ತದೆಂದು ನಂಬುವವರು ಅದನ್ನು ಎಷ್ಟು ಜೋಪಾನ ಮಾಡುತ್ತಾರೆಂದು ನೋಡಬೇಕಿದ್ದರೆ ಆ ಕೂದಲಿನ ಮುಳ್ಳನ್ನು ನೋಡಿ.

ಜೀವಂತ ಹೊರಹೋಗುವವರ ದ್ವಾರದ ಬಳಿ ಅವಳನ್ನು ನಿಲ್ಲಿಸುತ್ತಾರೆ. ದೀಕ್ಷಾಸ್ನಾನಕ್ಕೆ ಕಾದಿರುವ ರುಸ್ಟಿಕಸ್ ಆಸರೆ ಕೊಡುತ್ತಾನೆ. ಅವಳು ನಿದ್ದೆಯಿಂದೆದ್ದವಳಂತೆ ಸುತ್ತ ನೋಡಿ, ಹಸುವನ್ನು ಯಾವಾಗ ಬಿಡುತ್ತಾರೆ ಎಂದು ಕೇಳುತ್ತಾಳೆ. ಮೈಮೇಲಿನ ಗಾಯ ತೋರಿಸಿದ ಮೇಲೇ ನಂಬಿದ್ದು.

ಜನಕ್ಕೆ ಕೊಲ್ಲುವುದು ಕಣ್ಣೆದುರೇ ಆಗಬೇಕು. ನಡುವಿಗೆ ಕರೆಯಿರಿ ಎಂದು ಕೂಗುತ್ತಾರೆ. ಕರೆಯುವ ಮೊದಲೇ ಅವರು ಎದ್ದು ಬರುತ್ತಾರೆ, ಒಬ್ಬರಿಗೊಬ್ಬರು ಶಾಂತಿಯ ಮುತ್ತು ಕೊಡುತ್ತಾರೆ. ಉಳಿದವರು ಸದ್ದಿಲ್ಲದೆ ಕತ್ತಿಗೊಡ್ಡುತ್ತಾರೆ. ಪೆರ್ಪೆತುವಾಳ ಪಾಲಿಗೆ ಬಂದವನು ಹೊಸಬ. ಮೊದಲ ಏಟು ಎಲುಬಿಗೆ. ಅವಳು ಕಿರಿಚುತ್ತಾಳೆ. ಅವನ ಕೈ ನಡುಗುತ್ತಿದೆ. ಅವಳೇ ಆ ಕೈ ಹಿಡಿದು ಗಂಟಲಿಗೆ ತಂದುಕೊಳ್ಳುತ್ತಾಳೆ.

ಫೆಲಿಸಿತಾ, ಪೆರ್ಪೆತುವಾ ಎಂದು ಆ ಎರಡು ಹೆಸರು ರೋಮನ್ ವಿಧಿಯ ಮೊದಲ ಪರಮಪ್ರಸಾದ ಪ್ರಾರ್ಥನೆಯಲ್ಲಿ ಇಂದಿಗೂ ಉಳಿದಿವೆ, ದಾಸಿಯ ಹೆಸರು ಮೊದಲು. ಆದರೆ ನೀವು ಈಗ ಕಾರ್ತೇಜಿನ ಕಲ್ಲುಮೆಟ್ಟಿಲ ಮೇಲಿದ್ದೀರಿ, ಅಂಗೈ ಒದ್ದೆಯಾಗಿದೆ, ಪಕ್ಕದವನು ನಿಮ್ಮ ಮುಖವನ್ನೇ ದಿಟ್ಟಿಸುತ್ತಿದ್ದಾನೆ. ನಿನ್ನೆ ಊಟದ ಹೊತ್ತಿಗೂ ನಿಮ್ಮನ್ನು ಅಲ್ಲಿ ಕಂಡ ನೆನಪು ಅವನಿಗೆ. ಇವರ ಪೈಕಿಯೇ ಎಂದು ಕೇಳುತ್ತಾನೆ. ಬೆಂಕಿ ಕಾಯಿಸುತ್ತ ಕೂತಿದ್ದ ಪೇತ್ರನಿಗೂ ಇದೇ ಪ್ರಶ್ನೆ ಮೂರು ಸಲ ಬಂದಿತ್ತು, ಮೂರು ಸಲವೂ ಅವನು ಅಲ್ಲವೆಂದಿದ್ದ. ಬಾಯಿ ಒಣಗಿದೆ. ಕೆಳಗೆ ರುಸ್ಟಿಕಸ್ ಮರಳಿನ ಅಂಚಿನಲ್ಲೇ ನಿಂತಿದ್ದಾನೆ, ಅಂಗಿಯ ತುಂಬ ಅವಳ ರಕ್ತ.

ಹೌದು, ಎನ್ನುತ್ತೀರಿ.